ಮೀನು ಎಷ್ಟು ಆಳದಲ್ಲಿದೆ?

1967ರ ಸೆಪ್ಟೆಂಬರ್ 23. ಅಮೆರಿಕದ ಮಿಷಿಗನ್ ಸರೋವರದ ಪ್ಲ್ಯಾಟ್ ಕೊಲ್ಲಿಯಲ್ಲಿ ನೂರಾರು ದೋಣಿಗಳು ಸೇರಿದ್ದವು. ಅವುಗಳಲ್ಲಿ ಬಹಳಷ್ಟು ಒಳನಾಡಿನ ಸಣ್ಣ ಕೆರೆಗಳಿಗೆ ತಕ್ಕಂಥ ತೆರೆದ ದೋಣಿಗಳು. ಹವಾಮಾನ ಕೆಡಲಿದೆ ಎಂಬ ಎಚ್ಚರಿಕೆ ಇದ್ದರೂ ಯಾರಿಗೂ ದಡಕ್ಕೆ ಮರಳುವ ಮನಸ್ಸಿರಲಿಲ್ಲ. ಏಕೆಂದರೆ ನೀರಿನಲ್ಲಿ ಹಿಂದೆಂದೂ ಆ ಭಾಗದ ಜನ ಕಾಣದಂಥ ದೊಡ್ಡ ಮೀನುಗಳಿದ್ದವು. ಬಿರುಗಾಳಿ ಎದ್ದಿತು, ದೋಣಿಗಳು ಮಗುಚಿದವು, ಏಳು ಮಂದಿ ಸತ್ತರು. ಸಿಹಿನೀರಿನಲ್ಲಿ ದೋಣಿಯಿಂದ ಗಾಳ ಎಳೆಯುವ ಹವ್ಯಾಸಕ್ಕೆ ಇಂದು ಅಂಗಡಿಗಳಲ್ಲಿ ಸಿಗುವ ಸಲಕರಣೆಗಳ ದೊಡ್ಡ ಭಾಗ ರೂಢಿಗೆ ಬಂದದ್ದು ಈ ಸರೋವರದಲ್ಲಿ, ಆ ವರ್ಷಗಳ ಆಸುಪಾಸಿನಲ್ಲೇ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳಬೇಕು. ಮಂಗಳೂರು, ಮಲ್ಪೆಗಳ ಬಂದರಿನಲ್ಲಿ ಕಾಣುವ ಟ್ರಾಲ್ ದೋಣಿಗಳು ಬಲೆಯ ಚೀಲವನ್ನು ಎಳೆಯುತ್ತವೆ, ಅದು ಟ್ರಾಲಿಂಗ್. ಇಲ್ಲಿ ಹೇಳುತ್ತಿರುವುದು ಟ್ರೋಲಿಂಗ್. ಇದರಲ್ಲಿ ಬಲೆ ಇಲ್ಲ. ನಿಧಾನವಾಗಿ ಸಾಗುವ ದೋಣಿಯ ಹಿಂದೆ ದಾರಕ್ಕೆ ಕಟ್ಟಿದ ನಿಜವಾದ ಅಥವಾ ನಕಲಿ ಎರೆಯನ್ನು ಎಳೆಯುವುದಷ್ಟೇ. ಓಡುವ ಪುಟ್ಟ ಮೀನೆಂದು ಭ್ರಮಿಸಿ ದೊಡ್ಡ ಮೀನು ಅದನ್ನು ಕಚ್ಚಬೇಕು. ಕೇಳಲು ಸುಲಭ. ಆದರೆ ಈ ವಿಧಾನದ ಚರಿತ್ರೆಯುದ್ದಕ್ಕೂ ಒಂದೇ ಪ್ರಶ್ನೆ ಬೆನ್ನು ಹತ್ತಿದೆ: ಎರೆ ಎಷ್ಟು ಆಳದಲ್ಲಿರಬೇಕು?

ಎರೆಯ ಸಮಸ್ಯೆ ಬೇಗನೆ ಬಗೆಹರಿದಿತ್ತು. ಊಟದ ಚಮಚವೊಂದು ಕೈಜಾರಿ ನೀರಿಗೆ ಬಿದ್ದಾಗ ಮೀನು ಅದರ ಮೇಲೆರಗಿದ್ದನ್ನು ಕಂಡ ಜೂಲಿಯೊ ಬ್ಯುಯೆಲ್ ಎಂಬಾತ ಹಿಡಿಕೆ ಮುರಿದು, ಕೊಕ್ಕೆ ಸೇರಿಸಿ ‘ಸ್ಪೂನ್’ ಎಂಬ ಲೋಹದ ಎರೆ ಮಾಡಿದನೆಂದು ಕಥೆ ಹೇಳುತ್ತಾರೆ. ಕಥೆ ಎಷ್ಟು ನಿಜವೋ, 1852ರಲ್ಲಿ ಆತ ಅದಕ್ಕೆ ಪೇಟೆಂಟ್ ಪಡೆದದ್ದಂತೂ ನಿಜ. ನೀರಿನಲ್ಲಿ ತೊನೆಯುತ್ತ ಮಿನುಗುವ ಆ ತಗಡಿನ ವಂಶಜರು ಇಂದಿಗೂ ಮಾರಾಟವಾಗುತ್ತಿದ್ದಾರೆ.

ಆಳದ ಸಮಸ್ಯೆ ಅಷ್ಟು ಸುಲಭದ್ದಲ್ಲ. ನೀರು ಅತ್ಯಂತ ಸಾಂದ್ರವಾಗುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದ್ದರಿಂದ ಬೇಸಿಗೆಯಲ್ಲಿ ಆಳವಾದ ಸರೋವರದ ನೀರು ಪದರಗಳಾಗಿ ಬೇರ್ಪಡುತ್ತದೆ. ಮೇಲೆ ಬೆಚ್ಚನೆಯ ಹಗುರ ನೀರು, ತಳದಲ್ಲಿ ತಣ್ಣನೆಯ ಭಾರದ ನೀರು. ನಡುವೆ ಕೆಲವೇ ಮೀಟರುಗಳಲ್ಲಿ ಉಷ್ಣತೆ ಸರ್ರನೆ ಇಳಿಯುವ ಪದರ. ಟ್ರೌಟ್, ಸಾಲ್ಮನ್‌ಗಳು ತಂಪು ಬಯಸುವ ಮೀನುಗಳು. ಬೇಸಿಗೆ ಏರಿದಂತೆ ಅವು ಕೆಳಗಿಳಿಯುತ್ತವೆ. ಆದರೆ ಎಳೆಯುವ ದಾರಕ್ಕೆ ನೀರಿನ ಒತ್ತಡದಿಂದ ಮೇಲೇಳುವ ಗುಣ. ದೋಣಿ ಚಲಿಸಿದರೆ ಎರೆ ಮೇಲೆ ಬರುತ್ತದೆ, ನಿಂತರೆ ಎರೆಗೆ ಜೀವವಿಲ್ಲ.

ಅಮೆರಿಕದ ಮೀನು ಸಾಕಣೆಯ ಪಿತಾಮಹರಲ್ಲಿ ಒಬ್ಬನಾದ ಸೆತ್ ಗ್ರೀನ್‌ನ ಹೆಸರಿನಲ್ಲಿ ಉಳಿದಿರುವ ಉಪಾಯ ಸರಳ. ತುದಿಗೆ ಭಾರ ಕಟ್ಟಿದ ಒಂದೇ ಉದ್ದ ದಾರ, ಅದಕ್ಕೆ ಬೇರೆ ಬೇರೆ ಎತ್ತರಗಳಲ್ಲಿ ಸಣ್ಣ ದಾರಗಳಲ್ಲಿ ಎರೆಗಳು. ಯಾವ ಎರೆಗೆ ಮೀನು ಬಿತ್ತೋ ಆ ಆಳವೇ ಸರಿ. ಕೆಲವರು ತಾಮ್ರದ ತಂತಿಯನ್ನೇ ದಾರವಾಗಿಸಿ ಕೈಯಲ್ಲಿ ಎಳೆದರು. ಇನ್ನು ಕೆಲವರು ಸೀಸದ ಎಳೆಯ ಮೇಲೆ ನೂಲು ಹೆಣೆದ ದಾರಕ್ಕೆ ಹೋದರು. ಇದರಲ್ಲಿ ಪ್ರತಿ 10 ಗಜಕ್ಕೆ ಬಣ್ಣ ಬದಲಾಗುತ್ತದೆ. ಸಾಮಾನ್ಯ ವೇಗದಲ್ಲಿ ಒಂದು ಬಣ್ಣಕ್ಕೆ ಸುಮಾರು 5 ಅಡಿ ಆಳ. ಬಣ್ಣ ಎಣಿಸಿ ಆಳ ಹೇಳುವ ಈ ಪದ್ಧತಿ ಅಗ್ಗದ್ದು, ಇಂದಿಗೂ ಜೀವಂತ. ಕೊರತೆಯೆಂದರೆ ಆ ಭಾರದ ದಾರದ ತುದಿಯಲ್ಲಿ ಮೀನು ಸೆಣಸುವುದು ಕೈಗೆ ಸರಿಯಾಗಿ ತಿಳಿಯುವುದೇ ಇಲ್ಲ.

ಇಷ್ಟರಲ್ಲಿ ಸರೋವರದಲ್ಲಿ ಬೇರೆಯೇ ನಾಟಕ ನಡೆದಿತ್ತು. ಮಿಷಿಗನ್ ಸರೋವರದ ವಿಸ್ತಾರ ಸುಮಾರು 58,000 ಚದರ ಕಿಲೋಮೀಟರ್, ಗರಿಷ್ಠ ಆಳ 281 ಮೀಟರ್. ಅದರಲ್ಲಿ ಲೇಕ್ ಟ್ರೌಟ್ ಎಂಬ ಮೀನೇ ದೊರೆ. ನಯಾಗರಾ ಜಲಪಾತವನ್ನು ಸುತ್ತಿಹೋಗಲು ಕಟ್ಟಿದ ವೆಲ್ಯಾಂಡ್ ಕಾಲುವೆ 1829ರಲ್ಲಿ ತೆರೆದಾಗ ಹಡಗುಗಳ ಜೊತೆಗೆ ಅನಪೇಕ್ಷಿತ ಅತಿಥಿಗಳಿಗೂ ದಾರಿಯಾಯಿತು. ಹಾವುಮೀನಿನಂಥ ಮೈ, ದವಡೆಯಿಲ್ಲದ ದುಂಡು ಬಾಯಿಯ ಸಮುದ್ರ ಲ್ಯಾಂಪ್ರೆ ಜಿಗಣೆಯಂತೆ ಅಂಟಿಕೊಂಡು ಮೀನಿನ ರಕ್ತ ಹೀರುತ್ತದೆ. 1936ರಲ್ಲಿ ಅದು ಮಿಷಿಗನ್‌ನಲ್ಲಿ ಕಾಣಿಸಿತು. ಅದರ ಕಾಟ, ಮೇಲಿಂದ ಅತಿಯಾದ ಮೀನುಗಾರಿಕೆ; 1950ರ ದಶಕದ ಮಧ್ಯಕ್ಕೆ ಆ ಸರೋವರದಲ್ಲಿ ಲೇಕ್ ಟ್ರೌಟ್ ನಿರ್ನಾಮವಾದಂತೆಯೇ ಆಯಿತು. ಸಾವಿರಾರು ರಾಸಾಯನಿಕಗಳನ್ನು ಪರೀಕ್ಷಿಸಿ, ಲ್ಯಾಂಪ್ರೆ ಮರಿಗಳನ್ನು ಕೊಲ್ಲುವ ಒಂದನ್ನು ಪತ್ತೆಹಚ್ಚಿ, 1958ರಿಂದ ತೊರೆಗಳಲ್ಲಿ ಬಳಸತೊಡಗಿದರು.

ಬೇಟೆಗಾರ ಮೀನು ಇಲ್ಲವಾದ ಮೇಲೆ ಏಲ್‌ವೈಫ್ ಎಂಬ ಇನ್ನೊಂದು ವಲಸಿಗ ಮೀನು ಮಿತಿಮೀರಿತು. ನಮ್ಮ ಕರಾವಳಿಯ ಬೂತಾಯಿಗೆ ದೂರದ ಬಂಧುವಾದ ಈ ಪುಟ್ಟ ಮೀನು 1967ರ ಬೇಸಿಗೆಯಲ್ಲಿ ಸಾಮೂಹಿಕವಾಗಿ ಸತ್ತು ದಡಗಳಲ್ಲಿ ರಾಶಿ ಬಿದ್ದಾಗ, ಅದನ್ನು ತೆಗೆಯಲು ಯಂತ್ರಗಳನ್ನೇ ತರಬೇಕಾಯಿತು. ಮಿಷಿಗನ್ ರಾಜ್ಯದ ಮೀನುಗಾರಿಕೆ ವಿಭಾಗದ ಮುಖ್ಯಸ್ಥ ಹೋವರ್ಡ್ ಟ್ಯಾನರ್ ಅಷ್ಟರಲ್ಲಿ ಒಂದು ಪಂದ್ಯ ಕಟ್ಟಿದ್ದರು. ಪೆಸಿಫಿಕ್ ಕರಾವಳಿಯ ಆರೆಗಾನ್‌ನಿಂದ ಕೊಹೊ ಸಾಲ್ಮನ್ ಮೊಟ್ಟೆ ತರಿಸಿ, ಮರಿ ಮಾಡಿಸಿ, 1966ರ ವಸಂತದಲ್ಲಿ ಪ್ಲ್ಯಾಟ್ ನದಿಯೂ ಸೇರಿದಂತೆ ಕೆಲವು ಹೊಳೆಗಳಿಗೆ ಬಿಡಿಸಿದರು. ತಿನ್ನಲು ಏಲ್‌ವೈಫ್ ಹೇರಳ. ಮರುವರ್ಷದ ಶರತ್ಕಾಲದಲ್ಲಿ ಅವು ಕೊಬ್ಬಿ ನದೀಮುಖಕ್ಕೆ ಮರಳಿದವು. ಜನ ಮುಗಿಬಿದ್ದರು. ಸೆಪ್ಟೆಂಬರ್ 23ರ ದುರಂತ ನಡೆದದ್ದು ಈ ಜ್ವರದ ನಡುವೆ.

ದುರಂತದ ಪಾಠ ದೋಣಿಯ ಆಯ್ಕೆಯನ್ನು ಕುರಿತದ್ದು. ಇದು ಸರೋವರವೆಂಬ ಹೆಸರಿನ ಸಮುದ್ರ. ಇಲ್ಲಿನ ಅಲೆಗಳು ಒತ್ತೊತ್ತಾಗಿ, ಕಡಿದಾಗಿ ಬರುತ್ತವೆ. ಎತ್ತರದ ಅಂಚಿನ ದೋಣಿ, ಜೀವರಕ್ಷಕ ಅಂಗಿ, ಹವಾಮಾನ ಕೇಳಲು ಮತ್ತು ನೆರವು ಕೂಗಲು ವಿ.ಎಚ್.ಎಫ್. ರೇಡಿಯೊ – ಎಲೆಕ್ಟ್ರಾನಿಕ್ಸ್ ಪಟ್ಟಿಯಲ್ಲಿ ಮೀನು ತೋರಿಸುವ ಪರದೆಗಿಂತ ಮೊದಲು ಬರಬೇಕಾದವು ಇವು. ಆದರೆ ಅಂಗಡಿಯಲ್ಲಿ ಜನರ ಕಣ್ಣು ಹೋಗುವುದು ಪರದೆಯ ಕಡೆಗೇ.

ನದೀಮುಖದ ಶರತ್ಕಾಲ ಕೆಲವು ವಾರಗಳದ್ದು. ಬೇಸಿಗೆಯಲ್ಲಿ ಸಾಲ್ಮನ್ ಮತ್ತೆ ಆಳಕ್ಕೆ ಹೋಗುತ್ತಿತ್ತು. ಇದಕ್ಕೆ ಉತ್ತರವಾಗಿ ಜನಪ್ರಿಯವಾದದ್ದು ಡೌನ್‌ರಿಗ್ಗರ್. ದೋಣಿಯಂಚಿಗೆ ಬಿಗಿದ ಒಂದು ರಾಟೆ, ಉಕ್ಕಿನ ತಂತಿ, ತುದಿಯಲ್ಲಿ 4–5 ಕಿಲೋ ತೂಕದ ಸೀಸದ ಗುಂಡು. ಗಾಳದ ದಾರವನ್ನು ಗುಂಡಿನ ಬಳಿ ಚಿಮುಟಕ್ಕೆ ಸಿಕ್ಕಿಸಿ ಕೆಳಗಿಳಿಸುತ್ತಾರೆ. ಎಷ್ಟು ತಂತಿ ಬಿಟ್ಟಿದೆ ಎಂಬುದನ್ನು ಎಣಿಕೆ ಯಂತ್ರ ಹೇಳುತ್ತದೆ. ಮೀನು ಕಚ್ಚಿದೊಡನೆ ಚಿಮುಟ ಬಿಟ್ಟುಕೊಂಡು ದಾರ ಸ್ವತಂತ್ರವಾಗುತ್ತದೆ. ಭಾರ ತಂತಿಯಲ್ಲಿ, ಸೆಣಸಾಟ ಕೈಯಲ್ಲಿ. ಆಳ ಮತ್ತು ಹಗುರತನವನ್ನು ಹೀಗೆ ಬೇರ್ಪಡಿಸಿದ್ದೇ ಇದರ ಜಾಣತನ. ವೇಗದಲ್ಲಿ ಗುಂಡು ಹಿಂದಕ್ಕೆ ತೇಲುವುದರಿಂದ ಎಣಿಕೆ ಯಂತ್ರದ ಅಂಕಿ ನಿಜವಾದ ಆಳಕ್ಕಿಂತ ಸ್ವಲ್ಪ ಹೆಚ್ಚೇ ತೋರಿಸುತ್ತದೆ. ಗುಂಡು ಭಾರವಾದಷ್ಟೂ, ತಂತಿ ತೆಳುವಾದಷ್ಟೂ ಈ ತಪ್ಪು ಕಡಿಮೆ.

ಎಷ್ಟು ಇಳಿಸಬೇಕು ಎಂದು ಹೇಳಲು ಇನ್ನೊಂದು ಯಂತ್ರ ಬೇಕಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಜಲಾಂತರ್ಗಾಮಿಗಳನ್ನು ಹುಡುಕಲು ಬೆಳೆದ ಪ್ರತಿಧ್ವನಿ ವಿದ್ಯೆಯನ್ನು ಜಪಾನಿನ ನಾಗಸಾಕಿ ಪ್ರಾಂತದ ಫುರುನೊ ಸಹೋದರರು 1948ರಲ್ಲಿ ವೃತ್ತಿನಿರತ ಬೆಸ್ತರ ಉಪಕರಣವಾಗಿಸಿದರು. ಸಣ್ಣ ದೋಣಿಯ ಹವ್ಯಾಸಿಗೆ ಅದನ್ನು ತಲುಪಿಸಿದವರು ಅಮೆರಿಕದ ಕಾರ್ಲ್ ಲೋರೆನ್ಸ್ ಮತ್ತು ಅವರ ಮಕ್ಕಳು. ಟ್ರಾನ್ಸಿಸ್ಟರ್ ಬಳಸಿದ ಅವರ ಹಸಿರು ಪೆಟ್ಟಿಗೆ 1950ರ ದಶಕದ ಕೊನೆಗೆ ಮಾರುಕಟ್ಟೆಗೆ ಬಂತು. ಗಡಿಯಾರದಂಥ ಮುಖದ ಮೇಲೆ ತಿರುಗುವ ದೀಪ ಮಿಂಚಿದಲ್ಲಿ ತಳ. ಅದಕ್ಕೂ ಮೊದಲೇ ಮಿಂಚಿದರೆ ಮೀನು.

ತತ್ತ್ವ ಇಂದಿಗೂ ಅದೇ. ಸಿಹಿನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,450 ಮೀಟರ್ ಸಾಗುತ್ತದೆ. 30 ಮೀಟರ್ ಆಳಕ್ಕೆ ಹೋಗಿ ಬರಲು ಸೆಕೆಂಡಿನ ನೂರನೆಯ ನಾಲ್ಕು ಭಾಗ ಸಾಕು. ಪ್ರತಿಧ್ವನಿ ಕೊಡುವುದು ಮುಖ್ಯವಾಗಿ ಮೀನಿನ ಮಾಂಸವಲ್ಲ, ಹೊಟ್ಟೆಯೊಳಗಿನ ಗಾಳಿಚೀಲ. ಇಲ್ಲಿ ಸಿಹಿನೀರಿಗೊಂದು ಅನುಕೂಲವಿದೆ. 200 ಕಿಲೋಹರ್ಟ್ಸ್‌ನಂಥ ಹೆಚ್ಚಿನ ಆವರ್ತನದ ಶಬ್ದ ಸೂಕ್ಷ್ಮ ಚಿತ್ರ ಕೊಡುತ್ತದೆ, ಆದರೆ ಸಮುದ್ರದ ಲವಣಗಳು ಅದನ್ನು ಬೇಗ ಹೀರಿಬಿಡುತ್ತವೆ. ಸರೋವರದಲ್ಲಿ ಆ ನಷ್ಟ ಬಹಳ ಕಡಿಮೆ. ಆದ್ದರಿಂದ ಆಳಸಮುದ್ರಕ್ಕೆಂದು ಮಾಡಿದ, 50 ಕಿಲೋಹರ್ಟ್ಸ್‌ನ ದುಬಾರಿ ಶಕ್ತಿಶಾಲಿ ಯಂತ್ರವನ್ನು ಸರೋವರಕ್ಕೆ ಕೊಳ್ಳುವವನು ಹೆಚ್ಚು ಹಣಕ್ಕೆ ಒರಟು ಚಿತ್ರ ಪಡೆಯುತ್ತಾನೆ.

ಪರದೆಯನ್ನು ಓದುವುದರಲ್ಲೂ ಮೋಸಹೋಗುವವರು ಬಹಳ. 20 ಡಿಗ್ರಿ ಕೋನದ ಶಬ್ದದ ಶಂಕು 30 ಮೀಟರ್ ಆಳದಲ್ಲಿ ಬೆಳಗುವುದು ಹತ್ತು ಮೀಟರಿನಷ್ಟು ಅಗಲದ ವೃತ್ತವನ್ನು ಮಾತ್ರ. ಪರದೆಯ ಬಲ ಅಂಚಷ್ಟೇ ವರ್ತಮಾನ. ಉಳಿದದ್ದೆಲ್ಲ ದೋಣಿ ದಾಟಿ ಬಂದ ಜಾಗ. ಕಮಾನಿನ ಆಕಾರ ಮೂಡುವುದು ಮೀನಿನ ಬೆನ್ನು ಬಾಗಿರುವುದರಿಂದಲ್ಲ. ಶಂಕುವಿನೊಳಕ್ಕೆ ಬರುವಾಗ ದೂರ, ನಡುವೆ ಹತ್ತಿರ, ಹೊರಹೋಗುವಾಗ ಮತ್ತೆ ದೂರ, ಅದರಿಂದ ಕಮಾನು. ಸೀಸದ ಗುಂಡು ಶಂಕುವಿನೊಳಗಿದ್ದರೆ ಅದೂ ಉದ್ದ ಗೆರೆಯಾಗಿ ಕಾಣುತ್ತದೆ. ಗೆರೆಯ ಮೇಲೆ ಕಮಾನುಗಳಿದ್ದರೆ ಗುಂಡನ್ನು ಎತ್ತಬೇಕು. ಮೀನು ತನಗಿಂತ ಮೇಲಿನ ಎರೆಯನ್ನು ಸುಲಭವಾಗಿ ಗಮನಿಸುತ್ತದೆ, ಕೆಳಗಿನದನ್ನಲ್ಲ.

ಮುಂದಿನ ದಶಕಗಳಲ್ಲಿ ಉಪಕರಣಗಳು ಒಂದರ ಮೇಲೊಂದು ಬಂದವು. ಕಾಗದದ ಮೇಲೆ ಗೆರೆ ಬರೆಯುವ ಯಂತ್ರ, 1980ರ ದಶಕದಲ್ಲಿ ದ್ರವಸ್ಫಟಿಕ ಪರದೆ, ಲೊರಾನ್ ಸಂಕೇತ, ಅನಂತರ ಜಿ.ಪಿ.ಎಸ್. ಅಮೆರಿಕ ಸರಕಾರ 2000ದ ಮೇ ತಿಂಗಳಲ್ಲಿ ನಾಗರಿಕ ಸಂಕೇತದ ಕೃತಕ ದೋಷವನ್ನು ತೆಗೆದ ಮೇಲೆ, ಮೀನು ಸಿಕ್ಕ ಜಾಗಕ್ಕೆ ಮರಳುವುದು ಮಕ್ಕಳಾಟವಾಯಿತು. ಹಿರಿಯ ಬೆಸ್ತರು ಹೆಚ್ಚು ಮೆಚ್ಚುವುದು ಮಾತ್ರ ಇನ್ನೊಂದು ಸಾಧನವನ್ನು: ಗುಂಡಿನ ಬಳಿಯೇ ಇದ್ದು ಅಲ್ಲಿನ ಉಷ್ಣತೆ ಮತ್ತು ವೇಗವನ್ನು ಮೇಲಕ್ಕೆ ತಿಳಿಸುವ ಶೋಧಕ. ದೋಣಿ ಗಂಟೆಗೆ ಎರಡೂವರೆ ಮೈಲಿ ಸಾಗುತ್ತಿದ್ದರೂ ಆಳದ ಪ್ರವಾಹ ಎದುರಾದರೆ ಎರೆಯ ವೇಗವೇ ಬೇರೆ. ದಡದಿಂದ ಸರೋವರದತ್ತ ಗಾಳಿ ಬೀಸಿದರೆ ಮೇಲಿನ ಬೆಚ್ಚಗಿನ ನೀರು ದೂರ ಸರಿದು ತಣ್ಣೀರು ಮೇಲೇಳುತ್ತದೆ. ನಿನ್ನೆ ಸಿಕ್ಕ ಆಳ ಇಂದು ಸುಳ್ಳು. ಈ ಎರಡನ್ನೂ ಸೋನಾರ್ ನೇರವಾಗಿ ಹೇಳಲಾರದು.

ಇನ್ನೂ ಒಂದು ಸಂಗತಿಯನ್ನು ಯಾವ ಯಂತ್ರವೂ ಸರಿಪಡಿಸಲಾಗಲಿಲ್ಲ. ಹಡಗುಗಳ ನಿಲುಭಾರದ ನೀರಿನೊಂದಿಗೆ ಬಂದ ಝೀಬ್ರಾ, ಕ್ವಾಗಾ ಎಂಬ ಚಿಪ್ಪುಜೀವಿಗಳು ಸರೋವರಗಳ ತಳಕ್ಕೆ ಹಾಸಿಕೊಂಡು ಪ್ಲವಕಗಳನ್ನು ಸೋಸಿ ತಿನ್ನತೊಡಗಿದವು. ನೀರು ತಿಳಿಯಾಯಿತು, ಏಲ್‌ವೈಫ್‌ಗೆ ಆಹಾರ ಕಡಿಮೆಯಾಯಿತು. ಸಾಲ್ಮನ್‌ಗಳೂ ಅದನ್ನೇ ತಿನ್ನುತ್ತಿದ್ದವು. ನೆರೆಯ ಹ್ಯೂರಾನ್ ಸರೋವರದಲ್ಲಿ 2003–04ರ ಸುಮಾರಿಗೆ ಏಲ್‌ವೈಫ್ ಸಂತತಿ ಕುಸಿಯಿತು. ಅದನ್ನೇ ನಂಬಿದ್ದ ಶಿನೂಕ್ ಸಾಲ್ಮನ್ ಬೇಟೆಯೂ ಅದರೊಂದಿಗೆ ಕುಸಿಯಿತು. ಎಂದಿಗಿಂತ ಒಳ್ಳೆಯ ಪರದೆಗಳು ಬರಿದಾದ ನೀರನ್ನು ಎಂದಿಗಿಂತ ಸ್ಪಷ್ಟವಾಗಿ ತೋರಿಸಿದವು. ಅದೇ ಗತಿ ಬಾರದಿರಲೆಂದು ಮಿಷಿಗನ್ ಸರೋವರಕ್ಕೆ ಬಿಡುವ ಶಿನೂಕ್ ಮರಿಗಳ ಸಂಖ್ಯೆಯನ್ನು 2013ರಲ್ಲಿ ಸುಮಾರು ಅರ್ಧಕ್ಕೆ ಇಳಿಸಲಾಯಿತು.

ಹ್ಯೂರಾನ್‌ನ ಸ್ಯಾಗಿನಾ ಕೊಲ್ಲಿಯಲ್ಲಿ ಮಾತ್ರ ಬೇರೆ ಬೆಳವಣಿಗೆ. ಏಲ್‌ವೈಫ್ ವಾಲ್‌ಐ ಎಂಬ ಸ್ಥಳೀಯ ಮೀನಿನ ಮರಿಗಳನ್ನು ತಿನ್ನುತ್ತಿತ್ತು. ಅದು ಹೋದ ಮೇಲೆ ವಾಲ್‌ಐ ಸಂತತಿ ಚೇತರಿಸಿಕೊಂಡಿತು. ಆಳ ಕಡಿಮೆಯಿರುವ ಆ ಕೊಲ್ಲಿಯಲ್ಲಿ ಸೀಸದ ಗುಂಡಿಗೆ ಹೆಚ್ಚು ಕೆಲಸವಿಲ್ಲ. ತಲೆಯ ಮೇಲೆ ಹಾಯುವ ದೋಣಿಗೆ ಮೀನು ಬೆದರಿ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿಗೆ ಬೇಕಾದದ್ದು ದಾರವನ್ನು ದೋಣಿಯಿಂದ ಆಚೀಚೆಗೆ ಒಯ್ಯುವ ಪ್ಲೇನರ್ ಹಲಗೆಗಳು. ಹಳೆಯ ಸಾಲ್ಮನ್ ದೋಣಿಗಳ ಡೌನ್‌ರಿಗ್ಗರ್‌ಗಳನ್ನು ಬಿಚ್ಚಿಟ್ಟು ಬಂದವರೂ ಅಲ್ಲಿ ಈಗ ಅಳೆಯುತ್ತಿರುವುದು ಆಳವನ್ನಲ್ಲ, ಅಗಲವನ್ನು.