ಕೋಣಚ್ಛೇದದಿಂದ ಹುಟ್ಟುವ ಘನಾಕೃತಿಗಳು: ತುಮಕೂರು ಸೀಮೆಯ ಶಿಲ್ಪವನ್ನು ಕುರಿತ ಒಂದು ವಿಚಾರ

ತುಮಕೂರಿಗೆ ದಕ್ಷಿಣದಲ್ಲಿ, ಗೂಳೂರಿನ ಸಮೀಪದಲ್ಲಿರುವ ಕೈದಾಳವೆಂಬ ಗ್ರಾಮವು ಜಕಣಾಚಾರಿಯ ಕಥೆಯಿಂದ ನಾಡಿಗೆಲ್ಲ ಪರಿಚಿತವಾದುದು. ಬೇಲೂರಿನ ವಿಗ್ರಹದಲ್ಲಿ ಮಗನು ದೋಷವನ್ನು ತೋರಿಸಿಕೊಟ್ಟನೆಂದೂ, ತಂದೆಯು ಆಡಿದ ಮಾತಿಗೆ ತಪ್ಪದೆ ತನ್ನ ಬಲಗೈಯನ್ನು ಕಡಿದುಕೊಂಡನೆಂದೂ, ಅನಂತರ ಈ ಊರಿನಲ್ಲಿ ಕೇಶವನ ಗುಡಿಯನ್ನು ಕಟ್ಟಲು ಆ ಕೈ ಮರಳಿ ಬಂದಿತೆಂದೂ ಜನರು ಹೇಳುತ್ತಾರೆ. ಇದು ಕಥೆ. ಶಾಸನವು ಹೇಳುವುದು ಬೇರೆ. ಹೊಯ್ಸಳ ಒಂದನೆಯ ನರಸಿಂಹನ ಸಾಮಂತನಾದ ಗೂಳಿ ಬಾಚಿಯು ಕ್ರಿ. ಶ. 1150ರ ಸುಮಾರಿನಲ್ಲಿ ಇಲ್ಲಿ ದೇವಾಲಯಗಳನ್ನು ಕಟ್ಟಿಸಿದನು. ಶಿವ, ವಿಷ್ಣು, ಜಿನ ಎಂಬ ಭೇದವನ್ನು ಅವನು ಎಣಿಸಲಿಲ್ಲ. ರೈಸ್ ಸಾಹೇಬರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವು ತುಮಕೂರು ಜಿಲ್ಲೆಯ ಇಂತಹ ಶಾಸನಗಳನ್ನು ವಿದ್ವಾಂಸರ ಕೈಗೆ ಇತ್ತಿತು. ಅಂದಿನಿಂದ ನಾವು ಕಲ್ಲಿನ ಮೇಲಣ ಬರಹವನ್ನು ಶ್ರದ್ಧೆಯಿಂದ ಓದುತ್ತ ಬಂದಿದ್ದೇವೆ. ಕಲ್ಲಿನ ಆಕಾರವನ್ನು ಮಾತ್ರ ಅಷ್ಟು ಶ್ರದ್ಧೆಯಿಂದ ಓದಿದವರಲ್ಲ.

ಕಟ್ಟಿಸಿದವನನ್ನು ಶಾಸನವು ಹೇಳಿತು; ಕಟ್ಟಿದವನನ್ನು ಕಥೆಯು ಕಲ್ಪಿಸಿತು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದ ರೂವಾರಿಗಳು ತಮ್ಮ ಹೆಸರುಗಳನ್ನು ಕೆತ್ತಿಟ್ಟಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ. ಆದರೆ ಹಳ್ಳಿಹಳ್ಳಿಗಳ ಗುಡಿಗಳಲ್ಲಿ ಕಂಬವನ್ನು ಕಡಿದವರ ಹೆಸರು ಸಾಮಾನ್ಯವಾಗಿ ಇಲ್ಲ. ಶತಮಾನಗಳ ಅಂತರದಲ್ಲಿ ಎದ್ದ ಗುಡಿಗಳನ್ನೆಲ್ಲ ಒಬ್ಬ ಜಕಣಾಚಾರಿಗೆ ಆರೋಪಿಸಿದಾಗ ನಾವು ಅನೇಕರಿಗೆ ಸಲ್ಲತಕ್ಕ ಋಣವನ್ನು ಒಬ್ಬನಿಗೆ ಸಂದಾಯಮಾಡಿ ಸುಮ್ಮನಾದಂತಾಯಿತು. ಆ ಅನಾಮಿಕರು ಬರಹವನ್ನು ಬಿಟ್ಟುಹೋಗದಿದ್ದರೂ ಒಂದು ಗಣಿತಕ್ರಮವನ್ನು ಬಿಟ್ಟುಹೋಗಿದ್ದಾರೆ. ಸರಳವಾದ ಒಂದು ಘನವನ್ನು ತೆಗೆದುಕೊಂಡು, ಅದರ ಮೂಲೆಗಳನ್ನು ನಿಯಮದಿಂದ ಕಡಿಯುತ್ತ, ಒಂದರಿಂದೊಂದಾಗಿ ಬೇರೆಬೇರೆ ಘನಗಳ ಒಂದು ಕುಲವನ್ನೇ ಹುಟ್ಟಿಸುವ ಕ್ರಮವದು. ಅದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯ ವಾಸ್ತುಪ್ರಕರಣದಲ್ಲಿ ಐದು ಬಗೆಯ ಕಂಬಗಳನ್ನು ಹೆಸರಿಸುತ್ತಾನೆ. ನಾಲ್ಕು ಮೂಲೆಯದು ರುಚಕ, ಎಂಟು ಮೂಲೆಯದು ವಜ್ರ, ಹದಿನಾರರದು ದ್ವಿವಜ್ರ, ಮೂವತ್ತೆರಡರದು ಪ್ರಲೀನಕ, ದುಂಡಾದುದು ವೃತ್ತ. ಇವು ಕೇವಲ ಐದು ಹೆಸರುಗಳ ಪಟ್ಟಿಯಲ್ಲ. ಪ್ರತಿಯೊಂದೂ ಹಿಂದಿನದರ ಮೂಲೆಗಳನ್ನು ಕಡಿದುದರಿಂದ ಹುಟ್ಟಿದುದು. ದ್ವಿವಜ್ರವೆಂಬ ಮಾತೇ ವಜ್ರದ ಇಮ್ಮಡಿಯೆಂದು ಸಾರುತ್ತದೆ. ಮಾನಸಾರವು ಚೌಕವಾದುದನ್ನು ಬ್ರಹ್ಮಕಾಂತವೆಂದೂ ಎಂಟು ಮೂಲೆಯದನ್ನು ವಿಷ್ಣುಕಾಂತವೆಂದೂ ಕರೆಯುತ್ತದೆ. ಆಗಮೋಕ್ತವಾದ ಲಿಂಗದಲ್ಲಿಯೂ ಇದೇ ಕ್ರಮ: ನೆಲದೊಳಗಣ ಬ್ರಹ್ಮಭಾಗವು ಚೌಕ, ಪೀಠದೊಳಗಣ ವಿಷ್ಣುಭಾಗವು ಎಂಟು ಪಟ್ಟಿ, ಕಣ್ಣಿಗೆ ಕಾಣುವ ರುದ್ರಭಾಗವು ದುಂಡು. ಭಕ್ತನು ಪೂಜಿಸುವ ದುಂಡಿನ ಕೆಳಗೆ ಅದು ಹುಟ್ಟಿಬಂದ ಎರಡು ಅವಸ್ಥೆಗಳೂ ಅಡಗಿ ಕುಳಿತಿವೆ.

ಚೌಕವನ್ನು ಎಂಟು ಮೂಲೆಯದನ್ನಾಗಿ ಮಾಡುವುದು ಹೇಗೆ? ಹಗ್ಗವೊಂದೇ ಸಾಕು. ಚೌಕದ ಕರ್ಣದ ಅರ್ಧವನ್ನು ಅಳೆದು, ಪ್ರತಿಯೊಂದು ಮೂಲೆಯಿಂದಲೂ ಎರಡು ಬದಿಗಳ ಮೇಲೆ ಅಷ್ಟು ದೂರಕ್ಕೆ ಗುರುತುಮಾಡಿದರೆ ಎಂಟು ಬಿಂದುಗಳು ದೊರೆಯುತ್ತವೆ. ಅವನ್ನು ಸೇರಿಸಿದಲ್ಲಿ ಸಮಾಷ್ಟಭುಜವು ನಿಷ್ಕೃಷ್ಟವಾಗಿ ಸಿದ್ಧವಾಗುವುದು. ಕಂಬದ ಬದಿಯು ಒಂದು ಹಸ್ತ, ಎಂದರೆ 24 ಅಂಗುಲವಿದ್ದರೆ, ಅರ್ಧಕರ್ಣವು 17 ಅಂಗುಲಕ್ಕೆ ಕೂದಲೆಳೆಯಷ್ಟು ಕಡಮೆ. ಆದುದರಿಂದ ಬದಿಯನ್ನು 7, 10, 7 ಎಂದು ಭಾಗಿಸಿ ಮೂಲೆಗಳನ್ನು ಕಡಿದರೂ ಸಾಕು; ಕಡಿದ ಮುಖವು 9.9 ಅಂಗುಲವಾಗುವುದು, ಉಳಿದ ಮುಖವು 10. ಈ ಅಂತರವು ಉಳಿಯ ಬಾಯಿಯಲ್ಲಿಯೇ ಮುಚ್ಚಿಹೋಗುವಂತಹುದು. ನಮ್ಮ ಶಿಲ್ಪಿಗಳು ಇವೆರಡರಲ್ಲಿ ಯಾವುದನ್ನು ಹಿಡಿದರೆಂಬುದನ್ನು ಸಿದ್ಧವಾದ ಕಂಬವನ್ನು ಅಳೆದು ನಿರ್ಣಯಿಸಲಾಗದು. ಅರ್ಧಕ್ಕೆ ನಿಂತ ಕೆಲಸದ ಕಲ್ಲುಗಳಲ್ಲಿ ಉಳಿದಿರಬಹುದಾದ ಗೀಟುಗಳೇ ಅದನ್ನು ಹೇಳಬೇಕು.

ಈ ಕ್ರಮದಲ್ಲಿ ಕಲ್ಲು ಎಷ್ಟೆಷ್ಟು ಹೋಗುವುದೆಂಬುದನ್ನು ಲೆಕ್ಕಹಾಕಿದರೆ ಅದರ ಜಾಣ್ಮೆ ತಿಳಿಯುತ್ತದೆ. ಚೌಕಕಂಬದ ಗಾತ್ರವನ್ನು 100 ಎಂದು ಇಟ್ಟುಕೊಂಡರೆ, ಎಂಟು ಮೂಲೆಯದರಲ್ಲಿ 82.84 ಉಳಿಯುವುದು, ಹದಿನಾರರದರಲ್ಲಿ 79.57, ಮೂವತ್ತೆರಡರದರಲ್ಲಿ 78.79, ವೃತ್ತದಲ್ಲಿ 78.54. ಎಂದರೆ ಮೊದಲನೆಯ ಕಡಿತದಲ್ಲಿಯೇ 17 ಪಾಲಿಗೂ ಮಿಕ್ಕಿ ಹೋಗುತ್ತದೆ, ಎರಡನೆಯದರಲ್ಲಿ 3 ಪಾಲಿಗೆ ತುಸು ಹೆಚ್ಚು, ಮೂರನೆಯದರಲ್ಲಿ ಮುಕ್ಕಾಲು, ಕಡೆಯದರಲ್ಲಿ ಕಾಲು. ಒರಟು ಕೆಲಸವೆಲ್ಲ ಮೊದಲಿಗೇ ಮುಗಿದು, ತಪ್ಪಿದರೆ ತಿದ್ದಲಾಗದ ನಯಗೆಲಸವು ಕೊನೆಗೆ ಅತ್ಯಲ್ಪವಾಗಿ ಉಳಿಯುತ್ತದೆ. ಕಂಬವನ್ನು ಒಮ್ಮೆಗೇ ದುಂಡಗೆ ಕಡಿಯಹೊರಟವನಿಗೆ ಈ ರಕ್ಷಣೆಯಿಲ್ಲ. ಕ್ರಿ. ಶ. 499ರಲ್ಲಿ ಆರ್ಯಭಟನು ವ್ಯಾಸ 20000ಕ್ಕೆ ಪರಿಧಿ 62832 ಎಂದನು. ಮೇಲಣ ಕಡೆಯ ಅಂಕವು ಅದಕ್ಕೆ ಒಪ್ಪುತ್ತದೆ. ಗಣಿತಜ್ಞನು ಶ್ಲೋಕದಲ್ಲಿ ಮುಟ್ಟಿದ ಸೀಮೆಯನ್ನೇ ಶಿಲ್ಪಿಯು ಕಲ್ಲಿನಲ್ಲಿ ಮೆಟ್ಟಿಲುಮೆಟ್ಟಿಲಾಗಿ ಸಮೀಪಿಸಿದನು.

ವಿಜಯನಗರ ಕಾಲದ ಮಂಟಪಗಳಲ್ಲಿ ಸಾಮಾನ್ಯವಾಗಿ ಕಾಣುವ ಇನ್ನೊಂದು ಬಗೆಯ ಕಂಬವೂ ಇಲ್ಲಿ ಸ್ಮರಣೀಯ. ಅದರಲ್ಲಿ ಚೌಕದ ಹಲ್ಲೆಗಳ ನಡುನಡುವೆ ಎಂಟು ಪಟ್ಟಿಯ ಅಥವಾ ಹದಿನಾರು ಪಟ್ಟಿಯ ಕಾಂಡಗಳಿರುತ್ತವೆ. ಚೌಕವು ಎಂಟಾಗುವ ಸಂಧಿಯಲ್ಲಿ ಮೂಲೆಯು ಬರಿದಾಗಿ ಉಳಿಯುವುದರಿಂದ ಅಲ್ಲಿ ನಾಗಬಂಧವನ್ನು ಕೆತ್ತುವುದುಂಟು. ಆ ಮೂಲೆಯನ್ನು ಓರೆಯಾಗಿ ಕಡಿದರೆ ಅಲ್ಲಿ ಒಂದು ತ್ರಿಕೋಣಮುಖವು ಮೂಡುತ್ತದೆ. ಹಲ್ಲೆಯ ಮೇಲಣ ನಾಲ್ಕು, ಕೆಳಗಣ ನಾಲ್ಕು ಮೂಲೆಗಳನ್ನು ಹೀಗೆ ಸಮವಾಗಿ ಕಡಿದಲ್ಲಿ ಎಂಟು ತ್ರಿಕೋಣಗಳೂ ಆರು ಅಷ್ಟಕೋಣಗಳೂ ಕೂಡಿದ ಹದಿನಾಲ್ಕು ಮುಖದ ಘನವಾಗುವುದು. ಯವನ ಗಣಿತದಲ್ಲಿ ಇದು ಆರ್ಕಿಮಿಡೀಸನ ಹದಿಮೂರು ಘನಗಳಲ್ಲಿ ಒಂದು. ಆತನ ಗ್ರಂಥವು ನಷ್ಟವಾಗಿ, ನಾಲ್ಕನೆಯ ಶತಮಾನದ ಪಾಪ್ಪಸನ ಬರಹದಿಂದ ಮಾತ್ರ ಅವು ತಿಳಿದುಬಂದುವು. 1509ರಲ್ಲಿ ಅಚ್ಚಾದ ಪಾಚೋಲಿಯ ಗ್ರಂಥಕ್ಕೆ ಲಿಯೊನಾರ್ಡೊ ಡ ವಿಂಚಿಯು ಇಂತಹ ಕಡಿದ ಘನಗಳ ಚಿತ್ರಗಳನ್ನು ಬರೆದನು. 1619ರಲ್ಲಿ ಕೆಪ್ಲರನು ಹದಿಮೂರನ್ನೂ ಕ್ರಮಪಡಿಸಿದನು. ಯವನರು ಘನದ ಎಂಟು ಮೂಲೆಗಳನ್ನೂ ಸಮನಾಗಿ ಕಂಡರು. ನಮ್ಮವರು ಮೇಲು ಕೆಳಗುಗಳುಳ್ಳ ಒಂದು ಅಕ್ಷವನ್ನು ಕಂಡು ಅದರ ಸುತ್ತ ಕಡಿದರು. ಅಲ್ಲಿ ಜಿಜ್ಞಾಸೆಗಾಗಿ ಕಡಿದರು. ಇಲ್ಲಿ ಛಾವಣಿಯ ಭಾರವನ್ನು ಹೊರುವುದಕ್ಕಾಗಿ. ಒಂದರ ಋಣ ಇನ್ನೊಂದಕ್ಕೆ ಉಂಟೆಂದು ಹೇಳಲು ಆಧಾರವಿಲ್ಲ, ಹೇಳುವ ಅಗತ್ಯವೂ ಇಲ್ಲ.

ಕಂಬದಿಂದ ಗುಡಿಯ ತಳವಿನ್ಯಾಸಕ್ಕೆ ಬರೋಣ. ಇದೇ ಜಿಲ್ಲೆಯ ಅರಳುಗುಪ್ಪೆಯಲ್ಲಿರುವ ಹೊಯ್ಸಳ ಚೆನ್ನಕೇಶವ ದೇವಾಲಯದ ಗರ್ಭಗೃಹವು ಹೊರಗಡೆ ಹದಿನಾರು ಮೊನೆಗಳ ನಕ್ಷತ್ರಾಕಾರದ್ದು. ಒಂದು ಚೌಕವನ್ನು ಅದರ ನಡುವಿನ ಸುತ್ತ ಸಮಸಮವಾಗಿ ತಿರುಗಿಸಿ ನಾಲ್ಕು ಚೌಕಗಳನ್ನು ಒಂದರ ಮೇಲೊಂದು ಇರಿಸಿದರೆ ಅಂತಹ ನಕ್ಷತ್ರವು ದೊರೆಯುವುದು. ಈಗ ವಾಚಕರು ಒಂದು ಅಂಶವನ್ನು ಗಮನಿಸಬೇಕು. ಆ ನಾಲ್ಕು ಚೌಕಗಳಲ್ಲಿ ಯಾವುದಾದರೊಂದಕ್ಕೆ ಸೇರಿದ ಭಾಗವನ್ನೆಲ್ಲ ಉಳಿಸಿಕೊಂಡರೆ ಹದಿನಾರು ಮೊನೆಯ ನಕ್ಷತ್ರ. ನಾಲ್ಕಕ್ಕೂ ಸಾಮಾನ್ಯವಾದ ಭಾಗವನ್ನು ಮಾತ್ರ ಉಳಿಸಿಕೊಂಡರೆ ವರಾಹಮಿಹಿರನ ದ್ವಿವಜ್ರ. ಎರಡು ಚೌಕಗಳಾದರೆ ಎಂಟು ಮೊನೆಯ ನಕ್ಷತ್ರವೂ ವಜ್ರವೂ ಹಾಗೆಯೇ ಹುಟ್ಟುತ್ತವೆ. ಹೊರಗೋಡೆಯ ನಕ್ಷತ್ರ ಮತ್ತು ಒಳಗಣ ಕಂಬ ಇವೆರಡೂ ಒಂದೇ ರೇಖಾವಿಧಾನದ ಎರಡು ಫಲಗಳು; ಒಂದು ಕೂಡಿಸಿದುದು, ಇನ್ನೊಂದು ಕಡಿದುದು.

ಗ್ರಂಥಸ್ಥ ಗಣಿತವೂ ಕನ್ನಡನಾಡಿನಲ್ಲಿ ಕಡಿದ ಘನಗಳನ್ನು ಬಿಟ್ಟಿಲ್ಲ. ಅಮೋಘವರ್ಷ ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯನು ಗಣಿತಸಾರಸಂಗ್ರಹದ ಖಾತವ್ಯವಹಾರದಲ್ಲಿ, ಮೇಲೆ ಅಗಲವಾಗಿಯೂ ತಳದಲ್ಲಿ ಕಿರಿದಾಗಿಯೂ ಇರುವ ಗುಂಡಿಯ ಗಾತ್ರವನ್ನು ಹೇಳುತ್ತಾನೆ. ಶಿಖೆಯನ್ನು ಕಡಿದ ಚೌಕಗೋಪುರವನ್ನು ತಲೆಕೆಳಗುಮಾಡಿದರೆ ಆಗುವ ಆಕೃತಿಯಿದು. ಮೇಲಣ ಬದಿ 10, ತಳದ ಬದಿ 4, ಆಳ 3 ಎನ್ನೋಣ. ಬದಿಗಳ ಸರಾಸರಿ 7ರ ವರ್ಗವನ್ನು ಆಳದಿಂದ ಗುಣಿಸಿದರೆ 147, ಇದು ಕರ್ಮಾಂತಿಕಫಲ. ಎರಡು ವರ್ಗಗಳ ಸರಾಸರಿ 58ನ್ನು ಆಳದಿಂದ ಗುಣಿಸಿದರೆ 174, ಇದು ಔಂಡ್ರಫಲ. ಇವುಗಳ ಅಂತರವಾದ 27ರ ಮೂರನೆಯ ಒಂದು ಪಾಲನ್ನು ಮೊದಲನೆಯದಕ್ಕೆ ಕೂಡಿಸಿದರೆ 156. ಇದೇ ಸೂಕ್ಷ್ಮಫಲ, ಇಂದಿನ ಗಣಿತವೂ ಇದನ್ನೇ ಹೇಳುತ್ತದೆ. ಗುಬ್ಬಿ ತಾಲ್ಲೂಕಿನ ಕಡಬದ ಕೆರೆ, ಜನಪದರು ಹಾಡಿ ಹೊಗಳಿದ ಕುಣಿಗಲ ದೊಡ್ಡ ಕೆರೆ ಮೊದಲಾದವುಗಳ ನಾಡಿನಲ್ಲಿ, ತೋಡಿದ ಮಣ್ಣಿಗೆ ಕೂಲಿಯನ್ನು ಎಣಿಸಬೇಕಾದವರಿಗೆ ಈ ಸೂತ್ರವು ಒಣಪಾಂಡಿತ್ಯವಾಗಿರಲಾರದು: ಒರಟು ಲೆಕ್ಕವನ್ನು ನಂಬಿದ ತೋಡುವವನು 156ರಲ್ಲಿ 9 ಪಾಲಿನ ಕೂಲಿಯನ್ನು ಕಳೆದುಕೊಳ್ಳುತ್ತಿದ್ದನು. ಹನ್ನೆರಡನೆಯ ಶತಮಾನದ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತಗಳನ್ನು ಕನ್ನಡದಲ್ಲಿಯೇ ಬರೆದುದಕ್ಕೆ ಕಾರಣವನ್ನೂ ಇಂತಹ ವ್ಯವಹಾರದಲ್ಲಿ ಹುಡುಕುವುದು ಯುಕ್ತವೆಂದು ತೋರುತ್ತದೆ.

ಇಷ್ಟರಿಂದ ಸಿದ್ಧವಾಗುವುದೇನೆಂದರೆ: ಕನ್ನಡನಾಡಿನ ಘನಗಣಿತವು ತಾಳೆಯೋಲೆಯಲ್ಲಿ ಮಾತ್ರವಲ್ಲದೆ ಕಲ್ಲಿನಲ್ಲಿಯೂ ಬರೆಯಲ್ಪಟ್ಟಿದೆ. ಓಲೆಯ ಪಾಠಾಂತರಗಳಿಗಾಗಿ ನಾವು ಪ್ರತಿಗಳನ್ನು ಹುಡುಕುತ್ತೇವೆ. ಈ ಕಲ್ಲಿನ ಪಾಠವಾದರೋ ಜೀರ್ಣೋದ್ಧಾರದ ಹೆಸರಿನಲ್ಲಿ ಬಣ್ಣದ ಕೆಳಗೆ ಮುಚ್ಚಿಹೋಗುತ್ತಿದೆ, ಉಜ್ಜುವ ಯಂತ್ರಕ್ಕೆ ಸಿಕ್ಕಿ ಅಂಚುಗಳನ್ನು ಕಳೆದುಕೊಳ್ಳುತ್ತಿದೆ. ಅಂಚು ಹೋದ ವಜ್ರವನ್ನು ವಜ್ರವೆಂದು ಗುರುತಿಸಲಾಗದು. ತುಮಕೂರು, ಗುಬ್ಬಿ, ಕುಣಿಗಲುಗಳ ಸುತ್ತಣ ಶಾಲೆಗಳ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳೊಡನೆ ಊರಗುಡಿಯ ಕಂಬಗಳ ಬದಿಗಳನ್ನು ಎಣಿಸಿ ಅಳೆದು ಬರೆದಿಟ್ಟರೂ ಅದು ಶಾಸನಸಂಗ್ರಹಕ್ಕೆ ಕಡಮೆಯಲ್ಲದ ಸೇವೆಯಾದೀತು. ಜಕಣಾಚಾರಿಯ ಕೈಯನ್ನು ಕಥೆಯು ಮರಳಿ ಕೊಟ್ಟಿತು. ಹೆಸರಿಲ್ಲದ ಉಳಿದ ಶಿಲ್ಪಿಗಳ ಕೈಯನ್ನು ಮರಳಿ ಕೊಡತಕ್ಕವರು ನಾವು.