ಗಾಯಗೊಂಡು ಮನೆಗೆ ಬಂದವಳು

ಕಳೆದ ದೀಪಾವಳಿಗೆ ನಾನು ಊರಿಗೆ ಹೋಗಿದ್ದೆ. ನಮ್ಮೂರು ರಾಯಚೂರು ಸೀಮೆಯ ಕವಿತಾಳ. ಹಬ್ಬದ ಗದ್ದಲ ಮುಗಿದ ಮರುದಿನ ಮಧ್ಯಾಹ್ನ, ತಮ್ಮನ ಮಗಳು ಪಡಸಾಲೆಯ ಕಂಬಕ್ಕೊರಗಿ ದಪ್ಪನೆಯ ಇಂಗ್ಲಿಷ್ ಕಾದಂಬರಿಯೊಂದರಲ್ಲಿ ಮುಳುಗಿದ್ದಳು. ಏನಮ್ಮ ಅದು ಎಂದು ಕೇಳಿದೆ. ಸೆಲ್ಟಿಕ್ ಜನರ ಹಳೆಯ ಪುರಾಣಗಳ ಅಚ್ಚಿನಲ್ಲಿ ಎರಕ ಹೊಯ್ದ ಒಂದು ಕಲ್ಪಿತ ರಾಜ್ಯವಂತೆ. ಅದರ ನಾಯಕಿ ಯುದ್ಧದಲ್ಲಿ ಮುಖಕ್ಕೆ ಗಾಯ ಮಾಡಿಕೊಂಡು, ಎಷ್ಟೋ ವರ್ಷಗಳ ಮೇಲೆ ತನ್ನೂರಿಗೆ ಹಿಂದಿರುಗುತ್ತಾಳೆ. ಅವಳನ್ನು ಹಾಡಿ ಹೊಗಳುತ್ತಿದ್ದ ಊರೇ ಈಗ ಅವಳ ಮುಖ ಕಂಡು ಕಣ್ಣು ತಪ್ಪಿಸುತ್ತದೆ. ಇಷ್ಟು ಹೇಳಿ ಹುಡುಗಿ ಕೇಳಿದಳು: "ದೊಡ್ಡಪ್ಪ, ನಮ್ಮಲ್ಲಿ ಇಂಥವಳು ಒಬ್ಬಳಾದರೂ ಇದ್ದಾಳೆಯೆ?"

ಇಪ್ಪತ್ತು ವರ್ಷ ಕನ್ನಡ ಪಾಠ ಹೇಳಿದವನಿಗೆ ಇಂಥ ಪ್ರಶ್ನೆ ಕಷ್ಟವಾಗಬಾರದು. ನಾನು ಕೂಡಲೆ ವೀರಗಲ್ಲುಗಳ ಮಾತೆತ್ತಿದೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ, ತೇರಿನ ಬಸದಿಯ ಬಳಿ, ಹತ್ತನೆಯ ಶತಮಾನದ ಒಂದು ಕಲ್ಲಿದೆ. ಗಂಗರ ಕಾಲದ ಸಾವಿಯಬ್ಬೆ ಎಂಬಾಕೆ ಗಂಡನಾದ ಲೋಕವಿದ್ಯಾಧರನೊಡನೆ ಬಗೆಯೂರಿನ ಕಾಳಗಕ್ಕೆ ಹೋಗಿ ಅಲ್ಲಿಯೇ ಮಡಿದಳು. ಕಲ್ಲಿನ ಮೇಲೆ ಅವಳು ಕುದುರೆಯೇರಿ, ಕತ್ತಿ ಹಿರಿದು, ಆನೆಯ ಮೇಲಿರುವವನನ್ನು ಇದಿರಿಸಿ ನಿಂತಿದ್ದಾಳೆ. ಇದನ್ನು ನಾನು ಹೆಮ್ಮೆಯಿಂದಲೇ ವರ್ಣಿಸಿದೆ.

ಹುಡುಗಿ ಕೇಳಿ, "ಅವಳು ಸತ್ತಳಲ್ಲ ದೊಡ್ಡಪ್ಪ. ನಾನು ಕೇಳಿದ್ದು ಮನೆಗೆ ಬಂದವಳನ್ನು" ಎಂದಳು.

ಆ ಮಾತು ನನ್ನನ್ನು ಕುಟುಕಿತು. ಯೋಚಿಸಿದಷ್ಟೂ ಅದು ನಿಜವೆನಿಸಿತು. ನಮ್ಮ ವೀರಗಲ್ಲುಗಳನ್ನು ಓದುಗರು ನೋಡಿಯೇ ಇರುತ್ತೀರಿ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಣದರಲ್ಲಿ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲಿನದರಲ್ಲಿ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುವುದು. ದಾರಿ ಸ್ವರ್ಗಕ್ಕೆ ಹೋಗುತ್ತದೆಯೇ ಹೊರತು ಮನೆಗೆ ತಿರುಗುವುದಿಲ್ಲ. ತುರುಗೋಳಿನಲ್ಲಿ ದನಗಳನ್ನು ಬಿಡಿಸಿ ಸತ್ತವನಿಗೆ ಕಲ್ಲು ನಿಲ್ಲಿಸಿದರು. ಅವನ ಮನೆಯವರಿಗೆ ನೆತ್ತರುಗೊಡಗೆಯೆಂದು ಭೂಮಿ ಬಿಟ್ಟರು. ಗಂಡನ ಚಿತೆಯೇರಿದವಳಿಗೆ ಬಳೆ ತೊಟ್ಟ ತೋಳಿನ ಮಾಸ್ತಿಕಲ್ಲು ನಿಂತಿತು. ಈ ಕಲ್ಲುಗಳೆಲ್ಲ ಪೂರ್ತಿ ಸತ್ತವರಿಗೆ ಸಂದವು. ಅರ್ಧ ಸತ್ತು, ಕಲೆ ಹೊತ್ತು, ಮತ್ತೆ ಹೊಸ್ತಿಲು ದಾಟಿ ಒಲೆಯ ಮುಂದೆ ಕುಳಿತವಳಿಗೆ ಯಾವ ಶಿಲ್ಪಿಯೂ ಉಳಿ ಹಿಡಿಯಲಿಲ್ಲ.

ಇದು ನಮ್ಮದೊಂದೇ ನಾಡಿನ ಪಾಡಲ್ಲ. ಆ ಕಾದಂಬರಿಗಳ ಬೇರಿರುವ ಸೆಲ್ಟಿಕ್ ಲೋಕವನ್ನೇ ನೋಡಿ. ಬ್ರಿಟನ್ನಿನ ಐಸೀನಿ ಎಂಬ ಕುಲದ ರಾಣಿ ಬೂಡಿಕಾ. ಗಂಡ ತೀರಿಕೊಂಡ ಮೇಲೆ ರೋಮಿನ ಅಧಿಕಾರಿಗಳು ಅವಳನ್ನು ಚಾವಟಿಯಿಂದ ಹೊಡೆಸಿದರು, ಅವಳ ಹೆಣ್ಣುಮಕ್ಕಳ ಮಾನಭಂಗ ಮಾಡಿದರು. ಆ ಬಾಸುಂಡೆಗಳನ್ನು ಹೊತ್ತೇ ಅವಳು ಕ್ರಿ.ಶ. ೬೦-೬೧ರಲ್ಲಿ ದಂಗೆಯೆದ್ದು ಲಂಡನ್ ಸೇರಿ ಮೂರು ಪಟ್ಟಣಗಳನ್ನು ಸುಟ್ಟಳು. ಕೊನೆಗೆ ಸೋತು ವಿಷ ಕುಡಿದಳೆಂದು ರೋಮಿನ ಇತಿಹಾಸಕಾರ ಟ್ಯಾಸಿಟಸ್ ಬರೆದಿದ್ದಾನೆ. ಐರ್ಲೆಂಡಿನ ಪ್ರಾಚೀನ ವೀರಕಥೆಯೊಂದರಲ್ಲಿ ಮೇವ್ ಎಂಬ ರಾಣಿ ಒಂದು ಹೋರಿಗಾಗಿ ದಂಡೆತ್ತಿ ಹೋಗುತ್ತಾಳೆ. ನಮ್ಮ ವಿರಾಟಪರ್ವದ ಗೋಗ್ರಹಣವನ್ನು ನೆನಪಿಗೆ ತರುವ ಕಥೆ ಅದು. ಅವಳು ಹೋರಿಯನ್ನು ತಂದದ್ದೇನೋ ನಿಜ. ಆದರೆ ಅದು ಅವಳ ನಾಡಿನ ಹೋರಿಯನ್ನು ಸೀಳಿ ಹಾಕಿ ತಾನೂ ಸಾಯುತ್ತದೆ. ಮನೆಗೆ ಬರುವುದು ಅಲ್ಲಿಯೂ ಸುಲಭವಾಗಿರಲಿಲ್ಲ.

ಅಂದು ರಾತ್ರಿ ಮಲಗಿದಾಗ ನನಗೆ ನೆನಪಾದವಳು ಅಕ್ಕಾದೇವಿ. ಕಲ್ಯಾಣದ ಚಾಲುಕ್ಯರ ಮನೆಮಗಳು. ಐದನೆಯ ವಿಕ್ರಮಾದಿತ್ಯನಿಗೂ ಜಗದೇಕಮಲ್ಲ ಜಯಸಿಂಹನಿಗೂ ಒಡಹುಟ್ಟಿದವಳು. ರನ್ನನ 'ಗದಾಯುದ್ಧ'ಕ್ಕೆ ಆಶ್ರಯದಾತನಾದ ಇರಿವಬೆಡಂಗ ಸತ್ಯಾಶ್ರಯ ಅವಳಿಗೆ ದೊಡ್ಡಪ್ಪ. ದೊಡ್ಡಪ್ಪ ಇರಿಯುವುದರಲ್ಲಿ ಬೆಡಂಗ. ಮಗಳಿಗೆ ಬಂದ ಬಿರುದು 'ಗುಣದ ಬೆಡಂಗಿ'. ಇರಿಯುವುದು ಅವಳಿಗೂ ಬರುತ್ತಿತ್ತು. ಬಾದಾಮಿಯ ಹತ್ತಿರದ ಬೇಲೂರಿನ ೧೦೨೨ರ ಶಾಸನ ಅವಳನ್ನು ರಣದಲ್ಲಿ ಭೈರವಿಯೆಂದು ಕೊಂಡಾಡುತ್ತದೆ. ೧೦೧೦ರ ವೇಳೆಗಾಗಲೇ ಅವಳು ಪಟ್ಟದಕಲ್ಲಿನ ಸುತ್ತಣ ಕಿಸುಕಾಡು ಎಪ್ಪತ್ತನ್ನು ಆಳುತ್ತಿದ್ದಳು. ನಾಲ್ಕು ದಶಕಗಳ ಮೇಲೂ ಅಧಿಕಾರದಲ್ಲಿದ್ದಳು.

ಅದು ಚಾಲುಕ್ಯ-ಚೋಳರ ಜಗಳದಲ್ಲಿ ಕನ್ನಡ ನಾಡು ಬೆಂದ ಕಾಲ. ನಮ್ಮ ಕೃಷ್ಣಾ-ತುಂಗಭದ್ರೆಗಳ ನಡುನಾಡಂತೂ ಇಬ್ಬರ ಕಾಲ್ತುಳಿತಕ್ಕೂ ಸಿಕ್ಕಿತು. ೧೦೨೧ರ ಸುಮಾರಿನಲ್ಲಿ ರಾಜೇಂದ್ರ ಚೋಳ ಅವಳ ತಮ್ಮ ಜಯಸಿಂಹನೊಡನೆ ಕಾದಿದ ಮುಸಂಗಿ, ಕವಿತಾಳಕ್ಕೆ ದೂರವಲ್ಲದ ಮಸ್ಕಿಯೇ ಎಂಬುದು ಹಲವು ವಿದ್ವಾಂಸರ ಮತ. ಮುಂದೆ ರಾಜಾಧಿರಾಜ ಚೋಳ ಕಲ್ಯಾಣವನ್ನೇ ಸೂರೆಮಾಡಿ ಅಲ್ಲಿನ ದ್ವಾರಪಾಲಕನ ವಿಗ್ರಹವನ್ನು ಹೊತ್ತೊಯ್ದ. ಅದರ ಪೀಠದ ಮೇಲೆ ತನ್ನ ಗೆಲುವನ್ನು ತಮಿಳಿನಲ್ಲಿ ಕೆತ್ತಿಸಿದ. ಆ ದ್ವಾರಪಾಲಕ ತಮಿಳುನಾಡಿನಲ್ಲಿಯೇ ಉಳಿದ. ಅವನಿಗೆ ಮನೆಗೆ ಬರುವ ಯೋಗವಿರಲಿಲ್ಲ.

ಇಂಥ ಕಾಲದಲ್ಲಿ, ೧೦೪೭ರಲ್ಲಿ, ಅಕ್ಕಾದೇವಿ ಗೋಕಾಗೆಯ, ಅಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದ್ದಳು. ಅಲ್ಲಿ ಬೀಡುಬಿಟ್ಟಿರುವಾಗಲೇ ಅವಳೊಂದು ದಾನ ಕೊಟ್ಟಳು. ಯಾವುದಕ್ಕೆ? ತನ್ನ ನೆಲೆವೀಡಾದ ವಿಕ್ರಮಪುರದಲ್ಲಿ, ತನ್ನ ಬಿರುದಿನ ಹೆಸರಿನಲ್ಲೇ ಇದ್ದ ಜಿನಾಲಯಕ್ಕೆ. ಬಾಗಲಕೋಟೆ ಜಿಲ್ಲೆಯ ಅರಸಿಬೀದಿಯೇ ಆ ವಿಕ್ರಮಪುರ. ಕೋಟೆಯ ಮುಂದೆ ದಂಡು ನಿಂತಿರುವಾಗಲೂ ಅವಳ ಮನಸ್ಸು ಒಮ್ಮೆ ಮನೆಯ ಕಡೆ ಹೊರಳಿತ್ತು.

ಅವಳು ಮನೆಗೆ ಬಂದಳು. ಬಂದು ಮಾಡಿದ್ದೇನೆಂಬುದನ್ನು ಗದಗ ಜಿಲ್ಲೆಯ ಸೂಡಿಯ ಶಾಸನವೊಂದು ಹೇಳುತ್ತದೆ. ಕಾಲ ೧೦೫೦ರ ಸುಮಾರು. ಸೂಡಿ ಆಗ ವ್ಯಾಪಾರದ ಊರು. ಎಂಟು ಸೆಟ್ಟಿಗಳೂ ಎಂಬತ್ತು ಒಕ್ಕಲೂ ಕೂಡಿ ಅದರ ವ್ಯವಹಾರ ನಡೆಸುತ್ತಿದ್ದರು. ಚೋಳರೊಡನೆ ನಡೆದ ಯುದ್ಧದ ಹಾವಳಿಯಲ್ಲಿ ಅವರ ಹಳೆಯ ಕಟ್ಟಳೆಯೆಲ್ಲ ಮುರಿದುಬಿತ್ತು. ಅಕ್ಕಾದೇವಿಯ ಆಡಳಿತದಲ್ಲಿ ಅವಳ ಮಂತ್ರಿಗಳು ಕೂಡಿ ಆ ಕಟ್ಟಳೆಯನ್ನು ಊರಿಗೆ ಮತ್ತೆ ಬರೆದುಕೊಟ್ಟರು.

ಮುತ್ತಿಗೆಯ ಸುದ್ದಿಗಿಂತ ನನಗೆ ಈ ಸುದ್ದಿ ದೊಡ್ಡದು. ಅಕ್ಕಾದೇವಿಯ ಮೈಮೇಲಿನ ಗಾಯಗಳನ್ನು ಶಾಸನಕಾರ ಎಣಿಸಿಲ್ಲ. ಅವಳ ನಾಡಿನ ಮೈಮೇಲಿನ ಗಾಯವನ್ನು ಮಾತ್ರ ಹೇಳಿದ್ದಾನೆ, ಅದಕ್ಕೆ ಕಟ್ಟಿದ ಪಟ್ಟಿಯನ್ನೂ ಹೇಳಿದ್ದಾನೆ. ರಣದಲ್ಲಿ ಭೈರವಿಯಾಗುವುದು ಒಂದು ದಿನದ ಕೆಲಸ. ಹಿಂದಿರುಗಿ ಬಂದು, ಯಾರು ಯಾರಿಗೆಷ್ಟು ಕೊಡಬೇಕು, ಯಾವ ಸುಂಕ ಯಾರದು ಎಂದು ಕುಳಿತು ಬರೆಸುವುದು ವರ್ಷಗಳ ಕೆಲಸ. ಗಾಯ ಮಾಯುವುದು ಹೀಗೆಯೇ.

ಬೆಳಿಗ್ಗೆ ಹುಡುಗಿಗೆ ಇದನ್ನು ಹೇಳಿದೆ. ಹೇಳುತ್ತಿರುವಾಗ ಇನ್ನೊಬ್ಬಳ ನೆನಪು ಬಂತು. ಅವಳನ್ನು ಮರೆತು ಹನ್ನೊಂದನೆಯ ಶತಮಾನದವರೆಗೆ ಹೋಗಿದ್ದೆನಲ್ಲ ಎಂದು ನಾಚಿಕೆಯೂ ಆಯಿತು. ಅವಳು ನನ್ನ ಸೋದರತ್ತೆ. ಅವಳ ಗಂಡನ ಊರಲ್ಲಿ ಒಂದು ಬೇಸಿಗೆಯ ರಾತ್ರಿ ಕೊಟ್ಟಿಗೆಗೆ ಬೆಂಕಿ ಬಿತ್ತು. ಎಲ್ಲರೂ ಹೊರಗೆ ನಿಂತು ಕೂಗುತ್ತಿದ್ದಾಗ ಅತ್ತೆ ಒಳನುಗ್ಗಿ ದನಗಳ ಕಣ್ಣಿ ಬಿಚ್ಚಿದಳು. ದನಗಳೆಲ್ಲ ಉಳಿದವು. ಅವಳ ಎಡಗೆನ್ನೆಯೂ ಕತ್ತೂ ಬೆಂದವು. ಗಾಯ ಮಾಯುವವರೆಗೆ ತವರಲ್ಲಿರಲಿ ಎಂದು ಬಂಡಿಯಲ್ಲಿ ಕಳಿಸಿದರು. ಗಾಯ ಮಾಯ್ದಿತು, ಕರೆ ಬರಲಿಲ್ಲ.

ನಾನು ಅವಳನ್ನು ಕಂಡದ್ದು ಈ ಮನೆಯಲ್ಲಿಯೇ. ಮದುವೆ ಮುಂಜಿಗಳಲ್ಲಿ ಅವಳು ಮುಂದೆ ಬಂದು ಆರತಿ ಎತ್ತಿದ್ದನ್ನು ನಾನು ನೋಡಲಿಲ್ಲ. ಸೆರಗನ್ನು ಎಡಗಡೆಗೆ ಎಳೆದುಕೊಂಡೇ ಓಡಾಡುತ್ತಿದ್ದಳು. ಆದರೆ ಅಜ್ಜ ಒಂದು ಒಳ್ಳೆಯ ಕೆಲಸ ಮಾಡಿದ್ದ: ಉಗ್ರಾಣದ ಬೀಗದಕೈ ಅವಳಿಗೆ ಕೊಟ್ಟಿದ್ದ. ಜೋಳವೆಷ್ಟು ಬಂತು, ಬೀಜಕ್ಕೆಷ್ಟು ಎತ್ತಿಡಬೇಕು, ಆಳುಗಳಿಗೆಷ್ಟು ಅಳೆಯಬೇಕು ಎಂಬುದೆಲ್ಲ ಅವಳ ಲೆಕ್ಕ. ಬರ ಬಂದ ವರ್ಷಗಳಲ್ಲೂ ನಮ್ಮ ಮನೆಯಲ್ಲಿ ಒಲೆ ಆರಲಿಲ್ಲವೆಂದು ಅಪ್ಪ ಹೇಳುತ್ತಿದ್ದ. ತುರುಗೋಳಿನಲ್ಲಿ ಸತ್ತಿದ್ದರೆ ಅವಳಿಗೊಂದು ಕಲ್ಲು ನಿಲ್ಲುತ್ತಿತ್ತೇನೊ. ಬದುಕಿ ಬಂದದ್ದೇ ಅವಳ ತಪ್ಪಾಯಿತು.

ಅತ್ತೆಯ ಫೋಟೋ ಎಲ್ಲಿ ಎಂದು ಹುಡುಗಿ ಕೇಳಿದಳು. ಅತ್ತೆ ಫೋಟೋ ತೆಗೆಸಿಕೊಂಡವಳಲ್ಲ. ಅವಳನ್ನು ಉಗ್ರಾಣಕ್ಕೆ ಕರೆದುಕೊಂಡು ಹೋದೆ. ಒಳಗೋಡೆಯ ಮೇಲೆ, ಎದೆಯೆತ್ತರದಲ್ಲಿ, ಕೆಮ್ಮಣ್ಣಿನಲ್ಲಿ ಎಳೆದ ಗೆರೆಗಳಿವೆ. ನಾಲ್ಕು ಗೆರೆ ನಿಲ್ಲಿಸಿ ಐದನೆಯದನ್ನು ಅಡ್ಡ ಹಾಯಿಸಿದ ಚೀಲಗಳ ಲೆಕ್ಕ. ಆ ಗೋಡೆ ಸುಣ್ಣ ಕಂಡು ಎಷ್ಟು ವರ್ಷವಾಯಿತೊ. ಹುಡುಗಿ ಬಹಳ ಹೊತ್ತು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿದಳು.

ಬರುವ ವರ್ಷ ಸುಣ್ಣ ಹೊಡೆಸುವಾಗ ಆ ಗೋಡೆಯನ್ನು ಬಿಟ್ಟುಬಿಡು ಎಂದು ತಮ್ಮನಿಗೆ ಹೇಳಿ ಬಂದಿದ್ದೇನೆ.