ಹುಣಸೂರಿನ ಗಾಡಿ: ಮರ, ಕಬ್ಬಿಣ, ಬೆಂಕಿ

ಲಕ್ಷ್ಮಣತೀರ್ಥ ನದಿಯ ದಂಡೆಯ ಹುಣಸೂರು ಒಂದು ಕಾಲಕ್ಕೆ ಗಟ್ಟಿಮುಟ್ಟಾದ ಗಾಡಿಗಳಿಗೆ ಹೆಸರಾಗಿತ್ತು. ಅಮೃತಮಹಲ್ ಎತ್ತುಗಳ ಕೇಂದ್ರ ಇಲ್ಲಿತ್ತು. ಬ್ರಿಟಿಷ್ ಸೇನೆಯ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿ ಕಾರ್ಖಾನೆ, ಮರಮುಟ್ಟಿನ ಅಂಗಳಗಳೂ ಇದ್ದವು. 1864ರಲ್ಲಿ ಸೇನೆಯ ಈ ಕಾರ್ಖಾನೆಗಳೂ ಅಂಗಳಗಳೂ ಮುಚ್ಚಿದವು. ಆದರೆ ಅಲ್ಲಿ ಕಲಿತ ಕೈಗಳು ಸುಮ್ಮನೆ ಕೂರಲಿಲ್ಲ. ಗಾಡಿ, ಬೂಟು, ಕಂಬಳಿಗಳ ಕೆಲಸ ಊರಿನಲ್ಲೇ ಉಳಿಯಿತು.

ಅಂಥ ಹಳೆಯ ಗಾಡಿಯನ್ನು ದುರಸ್ತಿ ಮಾಡಿ ಮತ್ತೆ ನಿಲ್ಲಿಸುವುದು ಅವಸರದ ಕೆಲಸವಲ್ಲ. ಹಸಿ ಮರದಲ್ಲಿ ಗಾಲಿ ಮಾಡಿದರೆ ಒಣಗಿದಾಗ ಸಂದು ಬಿಡುತ್ತದೆ. ಆದ್ದರಿಂದ ಮರ ತಿಂಗಳುಗಟ್ಟಲೆ ನೆರಳಲ್ಲಿ ಒಣಗಬೇಕು. ಗಾಲಿಯ ನಡುವಿನ ಗುಂಬಕ್ಕೆ ಜಾಲಿ, ಅಚ್ಚು ಮೂಕಿಗಳಿಗೆ ದಿಂಡಿಗದಂಥ ಗಟ್ಟಿ ಮರ.

ಎಲ್ಲಕ್ಕಿಂತ ಸೊಗಸಾದದ್ದು ಹಳಿ ಕಟ್ಟುವ ಗಳಿಗೆ. ಕಬ್ಬಿಣದ ಹಳಿಯನ್ನು ಗಾಲಿಯ ಸುತ್ತಳತೆಗಿಂತ ಬೇಕೆಂದೇ ತುಸು ಚಿಕ್ಕದಾಗಿ ಬೆಸೆಯುತ್ತಾರೆ. ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾದಾಗ ಅದು ಹಿಗ್ಗುತ್ತದೆ. ಇಕ್ಕಳದಲ್ಲಿ ಎತ್ತಿ, ಗಾಲಿಗೆ ಕೂರಿಸಿ, ಬಡಿದು, ಮರ ಹೊತ್ತಿಕೊಳ್ಳುವ ಮುನ್ನ ನೀರು ಸುರಿಯಬೇಕು. ಕುಗ್ಗುವ ಕಬ್ಬಿಣ ಅರಗಳನ್ನೆಲ್ಲ ಗುಂಬಕ್ಕೆ ಒತ್ತಿ ಹಿಡಿಯುತ್ತದೆ. ಒಂದೇ ಒಂದು ಮೊಳೆಯ ಹಂಗಿಲ್ಲದೆ ಇಡೀ ಗಾಲಿ ಬಿಗಿಯಾಗುವ ಈ ಜಾಣ್ಮೆ ಯಾವ ಯಂತ್ರವಿದ್ಯೆಗೂ ಕಡಿಮೆಯದಲ್ಲ.

ಈಗ ಟೈರು ಗಾಡಿ, ಟ್ರ್ಯಾಕ್ಟರುಗಳ ಕಾಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ನಿಮ್ಮ ಹಿತ್ತಲಲ್ಲಿ ಹಳೆಯ ಗಾಲಿಯೊಂದು ಬಿದ್ದಿದ್ದರೆ ದಯವಿಟ್ಟು ಸೌದೆಗೆ ಹಾಕಬೇಡಿ. ಮೊದಲು ಊರಿನ ಹಿರಿಯ ಆಚಾರಿಗೆ ತೋರಿಸಿ.